ಕೊನೆಯ ಲೆವೆಲ್ ಮುಟ್ಟಿದ ತಮ್ಮನಿಗೆ

ಪ್ರೀತಿಯ ತಮ್ಮಾ,

ಮೊಬೈಲಿನ ಬಿಜಿಎಂಐ ಆಟದಲ್ಲಿ ನಿನ್ನ ಐಡಿ 100ನೇ ಲೆವೆಲ್ ಮುಟ್ಟಿತಂತೆ. ಶಭಾಷ್! ಬಾಯಿಮಾತಿಗೆ ಹೇಳುತ್ತಿಲ್ಲ. ಮೇಲೆ ಹೋದಂತೆಲ್ಲ ಒಂದೊಂದು ಲೆವೆಲ್ಲಿಗೂ ಹೆಚ್ಚು ಹೆಚ್ಚು ಪಾಯಿಂಟು ಬೇಡುವ ಆಟ ಅದು. ಅರ್ಧ ದಾರಿಗೇ ಬಿಟ್ಟು ಹೋದವರೇ ಬಹಳ. ಕಾಲೇಜು, ಮನೆಗೆಲಸ, ಭತ್ತದ ಗದ್ದೆಯ ಓಡಾಟ ಇವುಗಳ ನಡುವೆ ಗಂಗಾವತಿಯ ಹುಡುಗನೊಬ್ಬ ಅಲ್ಲಿಯವರೆಗೆ ಹೋದನೆಂದರೆ ಅವನಿಗೆ ತಾಳ್ಮೆ ಇದೆ, ಕೈ ಚುರುಕಿದೆ, ಸೋತ ಮೇಲೆ ಮತ್ತೆ ಎದ್ದು ಆಡುವ ಗಟ್ಟಿತನವಿದೆ. ದೊಡ್ಡವರು ಇದನ್ನು ಕಂಡೂ ಕಾಣದಂತೆ ಇರಬಾರದು.

"ಎಲ್ಲಾ ಮುಗೀತಲ್ಲ ಕಾಕಾ, ಇನ್ನ ಏನ್ ಮಾಡ್ಲಿ?" ಎಂದು ನೀನು ಕೇಳಿದೆ. ಈ ಪ್ರಶ್ನೆ ನಿನ್ನೊಬ್ಬನದಲ್ಲ. ಕೊಪ್ಪಳದಲ್ಲಿ ಫ್ರೀ ಫೈರ್ ಮ್ಯಾಕ್ಸ್ ಆಡುವವನಿಗೂ, ಕುಷ್ಟಗಿಯಲ್ಲಿ ಕ್ಲಾಶ್ ಆಫ್ ಕ್ಲಾನ್ಸ್‌ನ ಊರನ್ನು ಪೂರ್ತಿ ಕಟ್ಟಿ ಮುಗಿಸಿದವನಿಗೂ, ಯಲಬುರ್ಗಾದಲ್ಲಿ ಅಣ್ಣಂದಿರ ಮೊಬೈಲಿನಲ್ಲೇ ಆಡಿ ಅವರನ್ನೇ ಹಿಂದೆ ಹಾಕಿದ ತಂಗಿಗೂ ಇದೇ ಪ್ರಶ್ನೆ ಬರುತ್ತದೆ. ಆದ್ದರಿಂದ ನಿನ್ನ ನೆಪದಲ್ಲಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನನ್ನ ಉತ್ತರ ಸರಳವಾದದ್ದು: ತುದಿ ಮುಟ್ಟಿದವನ ಕೆಲಸ ಎರಡೇ. ಹಿಂದೆ ಬರುತ್ತಿರುವವರಿಗೆ ಕಲಿಸುವುದು, ಇಲ್ಲವೆ ತಾನೇ ಹೊಸದೊಂದನ್ನು ಮಾಡುವುದು. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

ಈ ಉತ್ತರ ಆನ್‌ಲೈನ್ ಆಟದಷ್ಟೇ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ 'ಮಡ್' ಎಂಬ ಆಟ ಬರೆಯಲು ಶುರುಮಾಡಿದ. ಅದನ್ನು ಮುಂದುವರಿಸಿ ಪೂರ್ತಿ ಮಾಡಿದವನು ಅವನ ಜೊತೆಯ ರಿಚರ್ಡ್ ಬಾರ್ಟಲ್. ಚಿತ್ರವಿಲ್ಲ, ಸದ್ದಿಲ್ಲ, ಪರದೆಯ ಮೇಲೆ ಬರೀ ಅಕ್ಷರ. ಆದರೂ ಹಲವರು ಒಂದೇ ಹೊತ್ತಿಗೆ ಒಂದೇ ಲೋಕದಲ್ಲಿ ಓಡಾಡಬಹುದಿತ್ತು. ಪಾಯಿಂಟು ಕೂಡಿಸುತ್ತ ಕೊನೆಯ ಮೆಟ್ಟಿಲು ಹತ್ತಿದವರನ್ನು ಅಲ್ಲಿ 'ವಿಝಾರ್ಡ್' ಎಂದು ಕರೆಯುತ್ತಿದ್ದರು. ಆ ಪದವಿಯ ಜೊತೆಗೆ ಆಟದ ಉಸ್ತುವಾರಿಯೇ ಅವರ ಕೈಗೆ ಬರುತ್ತಿತ್ತು. ಸಾಮಾನ್ಯ ಆಟಗಾರರಿಗಿಲ್ಲದ ಅಧಿಕಾರಗಳು ಸಿಗುತ್ತಿದ್ದವು. ಹೊಸಬರನ್ನು ನೋಡಿಕೊಳ್ಳುವುದು, ಆಟ ಕೆಡದಂತೆ ಕಾಯುವುದು ಅವರ ಪಾಲಿಗೆ ಬರುತ್ತಿತ್ತು.

ನಮ್ಮ ಕಡೆಯ ಗರಡಿಮನೆಗಳಲ್ಲಿ ನಡೆದುಬಂದದ್ದೂ ಇದೇ ಅಲ್ಲವೇ? ಪಟ್ಟುಗಳನ್ನೆಲ್ಲ ಕಲಿತು ಕಣದಲ್ಲಿ ಹೆಸರು ಮಾಡಿದ ಪೈಲ್ವಾನ ಮುಂದೆ ವಸ್ತಾದನಾಗುತ್ತಾನೆ. ಮಣ್ಣು ಹದಮಾಡುತ್ತಾನೆ, ಹುಡುಗರನ್ನು ತಾಲೀಮಿಗೆ ಇಳಿಸುತ್ತಾನೆ. ಅವನ ಗೆಲುವುಗಳನ್ನು ಊರು ಮರೆತರೂ ಅವನು ತಯಾರು ಮಾಡಿದ ಹುಡುಗರು ಕಣದಲ್ಲಿರುತ್ತಾರೆ. ಎಸೆಕ್ಸಿನ ವಿಝಾರ್ಡನೂ ಕುಷ್ಟಗಿಯ ವಸ್ತಾದನೂ ಒಂದೇ ಗದ್ದುಗೆಯವರು. ನೀನೀಗ ಆ ಗದ್ದುಗೆಯ ಹತ್ತಿರ ಬಂದಿದ್ದೀಯ.

ತುದಿಯಲ್ಲಿರುವವರ ನಡತೆ ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಖರೇ ಪ್ರಸಂಗ ಹೇಳುತ್ತೇನೆ. 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟಕ್ಕೆ ಆಗ 60ನೆಯದೇ ಕೊನೆಯ ಲೆವೆಲ್. 2005ರ ಸೆಪ್ಟೆಂಬರಿನಲ್ಲಿ ಬಲವಾದ ಆಟಗಾರರು ಮಾತ್ರ ಹೋಗುವ ಒಂದು ಜಾಗದಲ್ಲಿ ಅಂಟುರೋಗ ಹರಡುವ ರಾಕ್ಷಸನನ್ನು ಇಟ್ಟರು. ಆ ರೋಗ ಅಲ್ಲಿಂದ ಹೊರಗೆ ಬರಬಾರದಿತ್ತು. ಆದರೆ ಆಟಗಾರರು ಸಾಕಿದ ಪ್ರಾಣಿಗಳ ಮೂಲಕ ಆಟದೊಳಗಿನ ದೊಡ್ಡ ಊರುಗಳಿಗೆ ನುಗ್ಗಿತು. ಮೇಲಿನ ಲೆವೆಲ್ಲಿನವರು ಹೇಗೋ ತಡೆದುಕೊಂಡರು, ಆಗಷ್ಟೇ ಆಟಕ್ಕೆ ಬಂದ ಹೊಸಬರು ಕ್ಷಣದಲ್ಲಿ ಸತ್ತು ಬೀಳುತ್ತಿದ್ದರು. ಬೀದಿಗಳಲ್ಲಿ ಎಲುಬಿನ ರಾಶಿ. ಆಗ ವಾಸಿಮಾಡುವ ಶಕ್ತಿಯಿದ್ದ ಕೆಲವರು ಅಲ್ಲೇ ನಿಂತು ಹೊಸಬರನ್ನು ಉಳಿಸಲು ನೋಡಿದರು. ಇನ್ನು ಕೆಲವರು ಬೇಕೆಂತಲೇ ರೋಗ ಹೊತ್ತು ಊರೂರಿಗೆ ಹಂಚಿದರು. ಕೊನೆಗೆ ಕಂಪನಿಯವರೇ ಸರ್ವರ್‌ಗಳನ್ನು ಮತ್ತೆ ಹಿಂದಿನ ಸ್ಥಿತಿಗೆ ತರಬೇಕಾಯಿತು. ಸಾಂಕ್ರಾಮಿಕ ರೋಗದ ಹೊತ್ತಿನಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂದು ತಿಳಿಯಲು ಇದು ನೆರವಾಗಬಹುದೆಂದು 2007ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಲೇಖನಗಳೇ ಬಂದವು. ಉಳಿಸಲು ನಿಂತವರಲ್ಲೂ ಹರಡಿದವರಲ್ಲೂ ಶಕ್ತಿಯಿತ್ತು. ಆ ಶಕ್ತಿಯನ್ನು ಯಾವುದಕ್ಕೆ ಬಳಸಬೇಕೆಂದು ಆಟ ಅವರಿಗೆ ಹೇಳಿರಲಿಲ್ಲ, ಅವರೇ ನಿರ್ಧರಿಸಿದರು. ಇವತ್ತು ನೀನೂ ಅಂಥದ್ದೇ ನಿರ್ಧಾರ ಮಾಡಬೇಕಿದೆ.

ಅದೇ ಆಟದ ಮುಂದಿನ ಕಥೆಯೂ ಕೇಳು. 2007ರ ಜನವರಿಯಲ್ಲಿ ಕೊನೆಯ ಲೆವೆಲ್ಲನ್ನು 70ಕ್ಕೆ ಏರಿಸಿದರು. ಅದುವರೆಗೆ 40 ಜನರ ತಂಡ ಕಟ್ಟಿಕೊಂಡು, ರಾತ್ರಿಗಟ್ಟಲೆ ಕಾದಾಡಿ ಗಳಿಸಿದ ಅನೇಕ ಆಯುಧ-ಕವಚಗಳನ್ನು ಹೊಸ ಭಾಗದ ಸಾಧಾರಣ ಸಾಮಾನುಗಳು ಹಿಂದೆ ಹಾಕಿದವು. ಬೆಲೆ ಕಳೆದುಕೊಳ್ಳದೆ ಉಳಿದದ್ದು 40 ಜನ ಹೇಳಿದ ಹೊತ್ತಿಗೆ ಬಂದು, ಹೇಳಿದ ಕಡೆ ನಿಂತು, ಒಬ್ಬರನ್ನೊಬ್ಬರು ನಂಬಿ ಆಡಲು ಕಲಿತದ್ದು.

ನಿನ್ನ ಆಟದ ಕಥೆಯೂ ಗೊತ್ತಿರಲಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು. ಅದರ ಜಾಗಕ್ಕೆ 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದನ್ನೂ ಆ್ಯಪ್ ಸ್ಟೋರ್‌ಗಳಿಂದ ತೆಗೆದರು, 2023ರ ಮೇನಲ್ಲಿ ಮತ್ತೆ ಬಿಟ್ಟರು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್‌ಗೂ ನಿಷೇಧ ಬಿತ್ತು. ನಿನ್ನ ಲೆವೆಲ್ ಇರುವುದು ಇನ್ನೊಬ್ಬರ ಕಂಪ್ಯೂಟರಿನಲ್ಲಿ, ಇನ್ನೊಬ್ಬರ ಪರವಾನಗಿಯ ಮೇಲೆ. ಟಿಯರ್ ಎಂಬ ದರ್ಜೆಯಂತೂ ಸೀಸನ್ ಬದಲಾದಾಗಲೆಲ್ಲ ಕೆಳಗಿಳಿಯುತ್ತದೆ. ಮೊದಲ 500 ಜನರಿಗಷ್ಟೇ ಸಿಗುವ ಕಾಂಕರರ್ ಪಟ್ಟಕ್ಕೆ ಮತ್ತೆ ಮೊದಲಿನಿಂದ ರ‍್ಯಾಂಕ್ ಪುಶ್ ಮಾಡಬೇಕು. ಇದಕ್ಕೆ ಹೆದರಬೇಕಿಲ್ಲ. ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ತಿಳಿದು, ಉಳಿಯುವುದಕ್ಕೆ ನಿನ್ನ ಹೊತ್ತು ಕೊಡು.

ಉಳಿಯುವುದರಲ್ಲಿ ಮೊದಲನೆಯದು ಮನುಷ್ಯರು. ನಾರ್ವೆ ದೇಶದ ಮ್ಯಾಟ್ಸ್ ಸ್ಟೀನ್ ಎಂಬ ಹುಡುಗನಿಗೆ ಸ್ನಾಯುಗಳು ಕ್ಷೀಣಿಸುವ ಕಾಯಿಲೆ ಇತ್ತು. ವರ್ಷಗಟ್ಟಲೆ ವಾರ್‌ಕ್ರಾಫ್ಟ್ ಆಡುತ್ತಿದ್ದ. 2014ರಲ್ಲಿ 25ನೇ ವಯಸ್ಸಿಗೆ ತೀರಿಕೊಂಡ. ಮಗನಿಗೆ ಗೆಳೆಯರೇ ಸಿಗಲಿಲ್ಲವೆಂದು ತಂದೆ-ತಾಯಿ ಕೊರಗುತ್ತಿದ್ದರು. ಸಾವಿನ ಸುದ್ದಿಯನ್ನು ಅವನ ಬ್ಲಾಗಿನಲ್ಲಿ ಹಾಕಿದಾಗ ಆಟದ ಗೆಳೆಯರಿಂದ ಒಂದರ ಮೇಲೊಂದು ಪತ್ರ ಬಂದವು, ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೇ ಬಂದರು. ತಮ್ಮ ಕಷ್ಟದಲ್ಲಿ ಅವನು ಹೇಗೆ ಕಿವಿಗೊಟ್ಟ, ಹೇಗೆ ಧೈರ್ಯ ಹೇಳಿದ ಎಂಬುದನ್ನು ಅವರು ನೆನೆದರು. 2024ರಲ್ಲಿ ಅವನ ಬದುಕಿನ ಮೇಲೆ ಸಾಕ್ಷ್ಯಚಿತ್ರವೂ ಬಂತು.

ಆದ್ದರಿಂದ ನಿನ್ನ ಸ್ಕ್ವಾಡಿನಿಂದಲೇ ಆರಂಭಿಸು. ಮೊದಲ ನಿಮಿಷದಲ್ಲೇ ಸತ್ತು ಬೈಗುಳ ತಿನ್ನುವ ಹೊಸಬ ಒಬ್ಬನಿದ್ದೇ ಇರುತ್ತಾನೆ. ಅವನಿಗೆ ಎಲ್ಲಿ ಇಳಿಯಬೇಕು, ಯಾವಾಗ ಓಡಬೇಕು, ಯಾವಾಗ ಸುಮ್ಮನಿರಬೇಕು ಎಂದು ಹೇಳಿಕೊಡು. ಮೈಕಿನಲ್ಲಿ ಹುಡುಗಿಯ ದನಿ ಕೇಳಿದ ಕೂಡಲೇ ಹೊಲಸು ಮಾತಾಡುವವನನ್ನು ನಿನ್ನ ಸ್ಕ್ವಾಡಿನಿಂದ ತೆಗೆದುಹಾಕು. 100ನೇ ಲೆವೆಲ್ಲಿನವನು ತಡೆದರೆ ಉಳಿದವರು ಕೇಳುತ್ತಾರೆ.

ಉಳಿಯುವುದರಲ್ಲಿ ಎರಡನೆಯದು ನೀನು ಮಾಡಿದ ವಸ್ತು. ಬಾರ್ಟಲ್ 1996ರಲ್ಲಿ ಒಂದು ಪ್ರಬಂಧ ಬರೆದು ಆಟಗಾರರನ್ನು ನಾಲ್ಕು ಬಗೆಯಾಗಿ ನೋಡಿದ: ಗುರಿ ಮುಟ್ಟುವುದೇ ಸುಖ ಎನ್ನುವವರು, ಮೂಲೆಮೂಲೆ ಹುಡುಕುವವರು, ಜನರೊಂದಿಗೆ ಬೆರೆಯುವವರು, ಎದುರಾಳಿಯನ್ನು ಬೀಳಿಸುವುದೇ ಸುಖ ಎನ್ನುವವರು. ನೀನು ಎರಡನೇ ಬಗೆಯವನಾಗಿದ್ದರೆ, ಮ್ಯಾಪಿನ ಮೂಲೆಗಳು, ಗುಂಡು ಹಾರುವ ಲೆಕ್ಕ ಇವೇ ನಿನ್ನನ್ನು ಹಿಡಿದಿಟ್ಟಿದ್ದರೆ, ಆಟ ಮಾಡುವುದನ್ನು ಕಲಿ. ಈ ಕಸುಬು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಕಟ್ಟಿದರು. ಈ ದೇಶದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಅದೊಂದು. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಷ್ಟು ಹಿಂದೆಯೇ ನೀತಿಯೊಂದನ್ನು ತಂದಿತು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. 2020ರಲ್ಲಿ ಪುಣೆಯ ಸಣ್ಣ ತಂಡವೊಂದು ನಮ್ಮ ಪುರಾಣಗಳ ಹಿನ್ನೆಲೆಯಲ್ಲಿ ಮಾಡಿದ 'ರಾಜಿ' ಆಟವನ್ನು ಹೊರದೇಶದವರೂ ಆಡಿದರು. ಗೊಡೊ, ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತವೆ. ಕಾಲೇಜಿನ ಲ್ಯಾಬಿನ ಕಂಪ್ಯೂಟರ್ ಶುರುವಿಗೆ ಸಾಕು.

ವಿಷಯಕ್ಕೆ ದೂರ ಹೋಗಬೇಕಿಲ್ಲ. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೆ ಹಿಂದಿನವರು ಕೊರೆದ ಆಟದ ಮನೆಗಳು ಈಗಲೂ ಇವೆ. ಮೊದಲು ಹುಲಿ-ಕುರಿ ಆಟವನ್ನೋ ಚೌಕಾಬಾರವನ್ನೋ ಮೊಬೈಲಿಗೆ ತಾ. ನಿಯಮ ಸಣ್ಣದು, ಮೊದಲ ಪ್ರಯತ್ನಕ್ಕೆ ತಕ್ಕದ್ದು. ಕಿನ್ನಾಳಕ್ಕೆ ಹೋಗಿ ಚಿತ್ರಗಾರರು ಹಗುರ ಮರದಿಂದ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟು ಬಳಿದು, ಬಣ್ಣ ಹಚ್ಚುವುದನ್ನು ನೋಡು. ಆಡುವ ವಸ್ತು ಮಾಡುವುದು ನಮ್ಮ ಜಿಲ್ಲೆಯ ಹಳೆಯ ಕಸುಬು. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಭಾನಾಪುರದಲ್ಲಿ ಈಗ ಆಟಿಕೆಗಳ ಕೈಗಾರಿಕಾ ಸಮುಚ್ಚಯವೇ ಎದ್ದಿದೆ. ಮೊಬೈಲ್ ಆಟ ಬರೆಯುವ ನೀನು ಇದೇ ಸಾಲಿನಲ್ಲಿ ಬರುವವನು.

ಪಂದ್ಯಕ್ಕೇ ಇಳಿಯುತ್ತೇನೆ ಎಂದರೆ ಬೇಡವೆನ್ನುವುದಿಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿದ್ದಾಗ ಹಾರ್ತ್‌ಸ್ಟೋನ್ ಆಟದಲ್ಲಿ ಕಂಚು ಗೆದ್ದ ತೀರ್ಥ್ ಮೆಹ್ತಾ ಗುಜರಾತಿನ ಭುಜ್‌ನವರು. ನಮ್ಮ ಹಾಗೆಯೇ ಬರ ಕಂಡ ಸೀಮೆ ಅದು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ಕಕ್ಷೆಗೆ ತಂದಿತು. ಆದರೆ ಲೆವೆಲ್ ಬರುವುದು ಹೆಚ್ಚು ಹೊತ್ತು ಆಡುವುದರಿಂದ, ಪಂದ್ಯ ಗೆಲ್ಲುವುದು ಆಡಿದ್ದನ್ನು ಮತ್ತೆ ನೋಡಿ ತಪ್ಪು ತಿದ್ದಿಕೊಳ್ಳುವುದರಿಂದ. ಒಂದು ಅವಧಿ ಗೊತ್ತುಮಾಡಿಕೊ, ಡಿಗ್ರಿ ಬಿಡಬೇಡ, ಅವಧಿ ಮುಗಿದಾಗ ನೀನೇ ಲೆಕ್ಕ ಹಾಕು.

ದುಡ್ಡಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಐಡಿ ಮಾರಬೇಡ, ಕೊಳ್ಳಲೂಬೇಡ. ಅದು ಆಟದ ನಿಯಮಕ್ಕೆ ವಿರುದ್ಧ, ಮೋಸಗಾರರಿಗೆ ಸುಗ್ಗಿ. ಆಟದ ನಾಣ್ಯವಾದ ಯುಸಿ ಹಾಕಿಸಲು ಮನೆಯ ಫೋನ್‌ಪೇಗೆ ಕೈಹಾಕಬೇಡ. ಆಟ ಮುಗಿದು ಬೇಸರವಾದಾಗ ದುಡ್ಡು ಕಟ್ಟಿ ಆಡುವ ಆ್ಯಪ್‌ಗಳು ಕೈಬೀಸಿ ಕರೆಯುತ್ತವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸಿಗೆ ಮಾನ್ಯತೆ ಕೊಟ್ಟು, ಹಣ ಕಟ್ಟಿ ಆಡಿಸುವ ಆಟಗಳನ್ನು ನಿಷೇಧಿಸಿದೆ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡವಿದೆ. ಆ ಕಡೆ ಕಾಲಿಡಬೇಡ.

ಆಟ ನಿಲ್ಲಿಸಿದರೆ ನಿದ್ದೆ ಬರುವುದಿಲ್ಲ, ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ ಎನ್ನುವ ಸ್ಥಿತಿಯಿದ್ದರೆ ಮುಚ್ಚಿಡಬೇಡ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ 2014ರಿಂದಲೇ ಇದಕ್ಕೆಂದು ಪ್ರತ್ಯೇಕ ಕ್ಲಿನಿಕ್ ನಡೆಸುತ್ತಿದೆ. ಬೆಂಗಳೂರಿಗೆ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.

ಇನ್ನೊಂದು ಮಾತು. ನಾಲ್ಕು ಜನರನ್ನು ಒಟ್ಟಿಗೆ ಇಟ್ಟುಕೊಂಡು, ಯಾರಿಗೆ ಯಾವ ಕೆಲಸ ಎಂದು ಹೇಳಿ ಮಾಡಿಸುವುದು ನಿನಗೆ ಬರುತ್ತದೆ. ನಮ್ಮ ಊರುಗಳಿಗೆ ಅದು ಬೇಕಾಗಿದೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಕೊಪ್ಪಳದ ಜನ ಹಿರೇಹಳ್ಳದ ಹೂಳು ತೆಗೆದು, ಜಾಲಿ ಕಡಿದು ಶುಚಿ ಮಾಡಿದರು. ಕುಷ್ಟಗಿಯವರು ನಿಡಶೇಸಿ ಕೆರೆಯ ಹೂಳು ಎತ್ತಿದರು. ಅಂಥ ಕೆಲಸ ಇನ್ನೂ ಎಷ್ಟೋ ಕೆರೆಗಳಲ್ಲಿ ಬಾಕಿ ಇದೆ. ಪ್ರತಿ ವರ್ಷ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಲಕ್ಷಾಂತರ ಜನ ಊಟಕ್ಕೆ ಬರುತ್ತಾರೆ. ನಿನ್ನ ಸ್ಕ್ವಾಡ್ ಅಲ್ಲಿ ಒಂದು ದಿನ ಬಡಿಸಲು ನಿಂತರೆ, ಆಟದಲ್ಲಿ ಕಲಿತದ್ದು ಎಷ್ಟು ಕೆಲಸಕ್ಕೆ ಬರುತ್ತದೆಂದು ನಿನಗೇ ತಿಳಿಯುತ್ತದೆ.

ಆಟವನ್ನು ಪೂರ್ತಿ ಬಿಡು ಎಂದು ನಾನು ಹೇಳುವುದಿಲ್ಲ. ಗೆಳೆಯರ ಜೊತೆ ಸಂಜೆ ಒಂದೆರಡು ಮ್ಯಾಚ್ ಆಡು, ನಗು, ಮಲಗು. ಆದರೆ ಇನ್ನೊಂದು ಆಟ ಇಳಿಸಿಕೊಂಡು ಒಂದನೇ ಲೆವೆಲ್ಲಿನಿಂದ ಅದೇ ಓಟ ಶುರುಮಾಡುವ ಮೊದಲು, ಹೊಸಬನೊಬ್ಬನಿಗೆ ಆಡುವುದನ್ನು ಕಲಿಸು, ಸಣ್ಣದೊಂದು ಆಟವನ್ನು ನೀನೇ ಮಾಡು. ಅವೆರಡು ಕೆಲಸ ಆದ ಮೇಲೆ ನನಗೆ ಬರೆ. ನೀನು ಮಾಡಿದ ಆಟವನ್ನು ಮೊದಲು ಆಡುವವನು ನಾನೇ.

ಇಂತಿ,
ನಿನ್ನ ಕಾಕಾ
ಯಲಬುರ್ಗಾ