ವಿಶಾಲ ಪರದೆಯ ಸಹಯಾತ್ರಿ

ಉದ್ಯೋಗಕ್ಕೂ ಪ್ರಯಾಣಕ್ಕೂ ಒಂದೇ ಲ್ಯಾಪ್‌ಟಾಪ್ ಸಾಕೆಂದು ಎಣಿಸುವ ವಾಚಕಮಿತ್ರರು, ಅಂಗಡಿಯ ಉಜ್ಜ್ವಲ ದೀಪಗಳಡಿಯಲ್ಲಿ ಪರದೆಯ ವೈಶಾಲ್ಯವೊಂದನ್ನೇ ಕಂಡು ಮರುಳಾಗಬಾರದೆಂಬುದು ನನ್ನ ವಿನಂತಿ. 17 ಅಂಗುಲ ಪರದೆಯ ಎಲ್‌ಜಿ ಗ್ರಾಮ್ ಯಂತ್ರವನ್ನು ಮೊದಲಿಗೆ ಕೈಗೆತ್ತಿಕೊಂಡವರಿಗೆ ವಿಸ್ಮಯವಾಗುವುದು ಸಹಜ. 2019ರಲ್ಲಿ ಹೊರಬಂದ ಮಾದರಿಯ ತೂಕ ಸುಮಾರು 1.34 ಕಿಲೋಗ್ರಾಂ ಮಾತ್ರ. 16:10ರ ಪ್ರಮಾಣದಿಂದಾಗಿ ತುಸು ಹೆಚ್ಚು ಎತ್ತರವನ್ನು ಪಡೆದಿರುವ ಆ ಪರದೆಯ ಮೇಲೆ ಮೂಲಲೇಖನವನ್ನೂ ಅದರ ಕರಡನ್ನೂ ಅಕ್ಕಪಕ್ಕದಲ್ಲಿರಿಸಿ ತಿದ್ದುತ್ತ ಕುಳಿತವರಿಗೆ, ಮೇಜಿನ ಮೇಲೆ ಮತ್ತೊಂದು ಮಾನಿಟರ್ ಬೇಕೆಂಬ ಬಯಕೆಯೇ ಹುಟ್ಟದು. ಪರವೂರಿನ ವಸತಿಗೃಹದಲ್ಲಿ ಕೆಲಸ ಮಾಡಬೇಕಾದವರಿಗೆ ಇದು ಅಲ್ಪವಾದ ಸೌಖ್ಯವಲ್ಲ.

ಆದರೆ ಹಗುರವಾದುದೆಲ್ಲವೂ ಚಿಕ್ಕದಲ್ಲ. ಸುಮಾರು 38 ಸೆಂಟಿಮೀಟರ್ ಅಗಲದ ಈ ಯಂತ್ರವು ಅನೇಕ ಬೆನ್ನುಚೀಲಗಳೊಳಗೆ ಇಳಿಯಲೊಲ್ಲದು. ವಿಮಾನದ ಮಡಿಸುಮೇಜಿನ ಮೇಲೆ ತೆರೆದಿಟ್ಟಿರುವಾಗ ಮುಂದಿನವರು ಆಸನವನ್ನು ಹಿಂದಕ್ಕೊರಗಿಸಿದರೆ, ಪರದೆಯ ಮೇಲಂಚು ಸಿಕ್ಕಿಕೊಂಡು ಒಡೆಯುವ ಭಯವೂ ಉಂಟು. ಆದುದರಿಂದ ನಿತ್ಯ ಬಳಸುವ ಚೀಲವನ್ನೇ ಅಂಗಡಿಗೆ ಒಯ್ದು, ಅದರೊಳಗೆ ಇಟ್ಟು ನೋಡಿರಿ. ಬ್ಯಾಟರಿಯ ಸಾಮರ್ಥ್ಯವು 100 ವ್ಯಾಟ್-ಗಂಟೆಯನ್ನು ಮೀರದಿದ್ದರೆ ವಿಮಾನದೊಳಗೆ ಕೈಚೀಲದಲ್ಲಿ ಒಯ್ಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಲಗಡೆಯ ಅಂಕಿಗಳ ಕೀಲಿಗಳಿಂದಾಗಿ ಅಕ್ಷರದ ಕೀಲಿಗಳು ಎಡಕ್ಕೆ ಸರಿದಿರುವುದರಿಂದ, ಬರೆಹವೇ ವೃತ್ತಿಯಾದವರು ಹಣ ತೆರುವ ಮುನ್ನ ಒಂದು ಪುಟವನ್ನಾದರೂ ಅಲ್ಲಿಯೇ ನಿಧಾನವಾಗಿ ಬೆರಳಚ್ಚು ಮಾಡಿ ನೋಡುವುದು ಲೇಸು.