ಮುಟ್ಟಿನ ನೋವು: ಸಹಿಸಿಕೊಂಡಿರಬೇಡಿ, ಬರೆದುಕೊಂಡು ಬನ್ನಿ



ನಾನು ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಕುಟ್ಟದ ಕಡೆಯ ಕಾಫಿ ತೋಟದಿಂದ ಒಬ್ಬ ಹುಡುಗಿ ತಾಯಿಯೊಡನೆ ಬಂದಿದ್ದಳು. ಪ್ರತಿ ತಿಂಗಳು ಮೂರು ದಿನ ಆಕೆಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಡಾಕ್ಟರು "ಎಲ್ಲರಿಗೂ ಇರೋದೇ, ಮದುವೆಯಾದರೆ ಸರಿಹೋಗುತ್ತೆ" ಎಂದರು. ಚೀಟಿ ಕೊಡುವಾಗ ನಾನೂ ಅದೇ ಮಾತನ್ನು ಹೇಳಿ ಕಳುಹಿಸಿದೆ. ಕೆಲವು ವರ್ಷಗಳ ನಂತರ ಮಕ್ಕಳಾಗಲಿಲ್ಲವೆಂದು ಆಕೆ ಮತ್ತೆ ಬಂದಳು. ಸ್ಕ್ಯಾನಿಂಗ್‌ನಲ್ಲಿ ಎರಡೂ ಅಂಡಾಶಯಗಳಲ್ಲಿ ಗಡ್ಡೆಗಳಿದ್ದವು. ಅಂದು ನಾನು ಹೇಳಿದ ಮಾತು ತಪ್ಪು. ಆ ತಪ್ಪು ನಿಮ್ಮ ವಿಷಯದಲ್ಲಿ ಆಗಬಾರದೆಂದು ಈ ಪಾಠವನ್ನು ಬರೆಯುತ್ತಿದ್ದೇನೆ.

ಎಂಡೊಮೆಟ್ರಿಯೋಸಿಸ್ ಎಂದರೇನು?

ಗರ್ಭಕೋಶದ ಒಳಗೋಡೆಯಲ್ಲಿ ಒಂದು ಪದರವಿದೆ. ಪ್ರತಿ ತಿಂಗಳು ಅದು ಬೆಳೆದು, ಗರ್ಭ ನಿಲ್ಲದಿದ್ದರೆ ಮುಟ್ಟಿನ ರಕ್ತವಾಗಿ ಹೊರಗೆ ಹೋಗುತ್ತದೆ. ಕೆಲವರಲ್ಲಿ ಇದೇ ಬಗೆಯ ಪದರ ಗರ್ಭಕೋಶದ ಹೊರಗೂ ಬೆಳೆಯುತ್ತದೆ. ಅಂಡಾಶಯ, ಕರುಳು, ಮೂತ್ರಕೋಶ, ಕಿಬ್ಬೊಟ್ಟೆಯ ಗೋಡೆ ಇವುಗಳ ಮೇಲೆ ಅಂಟಿಕೊಳ್ಳುತ್ತದೆ. ಮುಟ್ಟಿನ ಸಮಯದಲ್ಲಿ ಅಲ್ಲಿಯೂ ರಕ್ತ ಒಸರುತ್ತದೆ. ಆದರೆ ಹೊರಗೆ ಹೋಗಲು ದಾರಿಯಿಲ್ಲ. ಆದ್ದರಿಂದ ಉರಿಯೂತ, ನೋವು, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು ಉಂಟಾಗುತ್ತದೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ ಗಡ್ಡೆಗೆ ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ.

ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ, ಯಾರ ಪಾಪದ ಫಲವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಹತ್ತು ಮಂದಿ ಹೆಂಗಸರಲ್ಲಿ ಒಬ್ಬರಿಗೆ ಇದು ಇದೆ. ರೋಗ ಪತ್ತೆಯಾಗಲು ಸಾಮಾನ್ಯವಾಗಿ ಹಲವು ವರ್ಷಗಳೇ ಹಿಡಿಯುತ್ತವೆ. ಮುಟ್ಟಿನ ಮಾತನ್ನು ಬಾಯಿಬಿಟ್ಟು ಆಡಲು ನಾಚುವುದು ಇದಕ್ಕೆ ಒಂದು ಕಾರಣ. ಬಸವಾದಿ ಶರಣರು 12ನೇ ಶತಮಾನದಲ್ಲೇ ಮುಟ್ಟಿನ ಸೂತಕವನ್ನು ಒಪ್ಪಲಿಲ್ಲ. ನಾವು ಇನ್ನೂ ನಾಚಿಕೊಂಡು ನರಳುವುದು ಬೇಡ.

ಯಾವ ನೋವು ಸಾಮಾನ್ಯವಲ್ಲ?

ಮೊದಲ ಒಂದೆರಡು ದಿನ ಸ್ವಲ್ಪ ಹೊಟ್ಟೆನೋವು ಬಂದು, ಬಿಸಿ ಶಾಖಕ್ಕೋ ಒಂದು ಮಾತ್ರೆಗೋ ಇಳಿದರೆ ಹೆದರಬೇಕಿಲ್ಲ. ಕೆಳಗಿನವುಗಳಿದ್ದರೆ ತೋರಿಸಿಕೊಳ್ಳಲೇಬೇಕು:

1. ನೋವಿನಿಂದ ಶಾಲೆ, ತೋಟದ ಕೆಲಸ, ಮನೆಗೆಲಸ ಪ್ರತಿ ತಿಂಗಳೂ ತಪ್ಪುವುದು.
2. ವರ್ಷದಿಂದ ವರ್ಷಕ್ಕೆ ನೋವು ಹೆಚ್ಚುವುದು, ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ, ಸೊಂಟ ನೋಯುವುದು.
3. ಮುಟ್ಟಿನ ದಿನಗಳಲ್ಲಿ ಮಲ, ಮೂತ್ರ ಮಾಡುವಾಗ ನೋವು.
4. ಗಂಡ ಹೆಂಡಿರು ಕೂಡುವಾಗ ಒಳಗೆ ಆಳದಲ್ಲಿ ನೋವು.
5. ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿರುವುದು.

ಇದ್ದಕ್ಕಿದ್ದಂತೆ ತಡೆಯಲಾರದ ನೋವು, ತಲೆಸುತ್ತಿ ಬೀಳುವುದು, ಜ್ವರದೊಡನೆ ಹೊಟ್ಟೆನೋವು, ಮುಟ್ಟು ತಪ್ಪಿದ ಮೇಲೆ ನೋವು ಮತ್ತು ರಕ್ತಸ್ರಾವ ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಬನ್ನಿ.

ಮನೆಯಲ್ಲಿ ಏನು ಮಾಡಬಹುದು?

ಬಿಸಿನೀರಿನ ಬ್ಯಾಗನ್ನು ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಗೆ, ಸೊಂಟಕ್ಕೆ ಹದಿನೈದು ಇಪ್ಪತ್ತು ನಿಮಿಷ ಇಡಿ. ಆಗುವಷ್ಟು ನಡೆದಾಡಿ. ನೋವಿನ ಮಾತ್ರೆ (ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್) ಡಾಕ್ಟರು ಬರೆದಿದ್ದರೆ ನೋವು ಏರಿದ ಮೇಲೆ ನುಂಗುವುದಕ್ಕಿಂತ ಆರಂಭದಲ್ಲೇ ತೆಗೆದುಕೊಳ್ಳುವುದು ಒಳ್ಳೆಯದು. ಊಟದ ನಂತರವೇ ತೆಗೆದುಕೊಳ್ಳಿ. ಎರಡು ಬಗೆಯ ನೋವಿನ ಮಾತ್ರೆಗಳನ್ನು ನೀವಾಗಿಯೇ ಸೇರಿಸಬೇಡಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಅಸ್ತಮಾ ಇರುವವರು ಮತ್ತು ಗರ್ಭಿಣಿಯರು ಕೇಳದೆ ನುಂಗಬಾರದು.

ಆಸ್ಪತ್ರೆಯ ಚಿಕಿತ್ಸೆ

ಹಾರ್ಮೋನು ಮಾತ್ರೆಗಳು ಆ ಪದರ ಬೆಳೆಯುವುದನ್ನು ತಡೆದು ನೋವನ್ನು ಇಳಿಸುತ್ತವೆ. ಗರ್ಭನಿರೋಧಕ ಮಾತ್ರೆ, ಡೈನೊಜೆಸ್ಟ್, ಗರ್ಭಕೋಶದಲ್ಲಿ ಇಡುವ ಹಾರ್ಮೋನು ವಂಕಿ ಇವು ಬಳಕೆಯಲ್ಲಿವೆ. "ಮದುವೆಯಾಗದ ಹುಡುಗಿಗೆ ಆ ಮಾತ್ರೆಯೇ?" ಎಂದು ತಾಯಂದಿರು ಗಾಬರಿಯಾಗುತ್ತಾರೆ. ಇಲ್ಲಿ ಅದು ನೋವಿಗೆ ಕೊಡುವ ಔಷಧಿ. ಅದರಿಂದ ಬಂಜೆತನ ಬರುವುದಿಲ್ಲ. ಬಿ.ಪಿ., ಮೈಗ್ರೇನ್, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದರೆ ಮೊದಲೇ ಹೇಳಿ. ಮಕ್ಕಳಾಗಬೇಕೆಂದು ಬಯಸುವವರೂ ಮೊದಲೇ ಹೇಳಬೇಕು. ಅವರ ಚಿಕಿತ್ಸೆಯ ದಾರಿ ಬೇರೆ. ಔಷಧಿಗೆ ಬಗ್ಗದಿದ್ದರೆ ಲ್ಯಾಪರೊಸ್ಕೋಪಿ ಮೂಲಕ ಆ ಭಾಗಗಳನ್ನು ತೆಗೆಯುತ್ತಾರೆ. ಚಿಕಿತ್ಸೆಯ ನಂತರವೂ ರೋಗ ಮರುಕಳಿಸಬಹುದು. ಆದ್ದರಿಂದ ನೋವು ಇಳಿದ ಮೇಲೂ ಹೇಳಿದ ದಿನಕ್ಕೆ ಬಂದು ತೋರಿಸಿ.

ಮದುವೆಯೂ ಹೆರಿಗೆಯೂ ಇದಕ್ಕೆ ಚಿಕಿತ್ಸೆಯಲ್ಲ. ಹಾಗೆಯೇ "ಗರ್ಭಕೋಶ ತೆಗೆಸಿಬಿಡಿ" ಎಂದ ಕೂಡಲೇ ಒಪ್ಪಬೇಡಿ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರ ಗರ್ಭಕೋಶಗಳನ್ನು ಅನವಶ್ಯಕವಾಗಿ ತೆಗೆದ ದೂರುಗಳ ಬಗ್ಗೆ 2015ರಲ್ಲಿ ತನಿಖೆಯೇ ನಡೆಯಿತು. ಗರ್ಭಕೋಶದ ಹೊರಗಿನ ರೋಗ ಗರ್ಭಕೋಶ ತೆಗೆದ ಮಾತ್ರಕ್ಕೆ ಹೋಗುತ್ತದೆ ಎಂಬ ಭರವಸೆ ಇಲ್ಲ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿಯೇ ಮುಂದುವರಿಯಿರಿ.

ಡಾಕ್ಟರು ಕಿವಿಗೊಡದಿದ್ದರೆ?

ಓಪಿಡಿಯಲ್ಲಿ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. "ತುಂಬಾ ಹೊಟ್ಟೆನೋವು" ಎಂದರೆ ಎಷ್ಟು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ಎರಡು ಮೂರು ತಿಂಗಳು ಬರೆದಿಡಿ: ಮುಟ್ಟಾದ ದಿನಾಂಕ, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ, ನುಂಗಿದ ಮಾತ್ರೆ, ಅದರಿಂದ ಇಳಿಯಿತೋ ಇಲ್ಲವೋ, ತಪ್ಪಿದ ಕೆಲಸ. "ಕೊಯ್ಲಿನ ಎರಡು ತಿಂಗಳಲ್ಲಿ ಆರು ದಿನದ ಕೂಲಿ ಹೋಯಿತು" ಎಂಬ ಒಂದು ಸಾಲನ್ನು ಯಾವ ಡಾಕ್ಟರೂ ಸುಲಭವಾಗಿ ತಳ್ಳಿಹಾಕಲಾರರು. ಬರೆಯಲು ಬಾರದಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆಯಲ್ಲಿ ಕೊಡವ, ಮಲಯಾಳ, ಯರವ ಮಾತಾಡುವವರು ಕನ್ನಡ ಚೆನ್ನಾಗಿ ಬಲ್ಲ ಒಬ್ಬ ಹೆಂಗಸನ್ನು ಜೊತೆಗೆ ಕರೆದುಕೊಂಡು ಬನ್ನಿ.

ಗೌರವದಿಂದ, ಆದರೆ ಸ್ಪಷ್ಟವಾಗಿ ಹೀಗೆ ಕೇಳಿ:

"ಡಾಕ್ಟ್ರೇ, ಇದು ಎಂಡೊಮೆಟ್ರಿಯೋಸಿಸ್ ಇರಬಹುದಾ?"
"ಅಲ್ಲ ಅಂದರೆ ಇಷ್ಟು ನೋವಿಗೆ ಕಾರಣ ಏನು?"
"ಈ ಮಾತ್ರೆಯಿಂದ ಮೂರು ತಿಂಗಳಲ್ಲಿ ಕಡಿಮೆಯಾಗದಿದ್ದರೆ ಮುಂದೇನು?"
"ನಾನು ಹೇಳಿದ್ದನ್ನು ಚೀಟಿಯಲ್ಲಿ ಬರೆಯಿರಿ. ಸ್ತ್ರೀರೋಗ ತಜ್ಞರಿಗೆ ಪತ್ರ ಕೊಡಿ."

ಸ್ಕ್ಯಾನಿಂಗ್ ನಾರ್ಮಲ್ ಬಂದಿತೆಂದು ಮಾತು ಅಲ್ಲಿಗೇ ಮುಗಿಯುವುದಿಲ್ಲ. ಸಣ್ಣ ಕಲೆಗಳು ಸ್ಕ್ಯಾನಿಂಗ್‌ನಲ್ಲಿ ಕಾಣದೇ ಇರಬಹುದು. ಯುರೋಪಿನ ತಜ್ಞರ ಸಂಘದ 2022ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ರಿಪೋರ್ಟು ಸರಿಯಿದ್ದರೂ ಲಕ್ಷಣಗಳನ್ನು ನೋಡಿ ಔಷಧಿ ಆರಂಭಿಸಬಹುದು.

ನಿಮಗೆ ಹಕ್ಕುಗಳೂ ಇವೆ. ಇನ್ನೊಬ್ಬ ವೈದ್ಯರನ್ನು ಕಾಣಬಹುದು. ಗಂಡಸು ಡಾಕ್ಟರು ಪರೀಕ್ಷಿಸುವಾಗ ಒಬ್ಬ ಹೆಂಗಸು ಜೊತೆಗಿರಬೇಕೆಂದು ಕೇಳಬಹುದು. ವೈದ್ಯರ ವೃತ್ತಿ ನಡತೆಯ 2002ರ ನಿಯಮದಂತೆ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಕುಟ್ಟದವರು ಕೆಲವೊಮ್ಮೆ ಗೋಣಿಕೊಪ್ಪಲು, ಮಡಿಕೇರಿ, ಮೈಸೂರು ಎಂದೂ ಕೆಲವೊಮ್ಮೆ ತೋಲ್ಪೆಟ್ಟಿ ದಾಟಿ ಮಾನಂದವಾಡಿಗೂ ಹೋಗುತ್ತೀರಿ. ಎಲ್ಲಿಗೆ ಹೋದರೂ ಚೀಟಿ, ಸ್ಕ್ಯಾನಿಂಗ್ ರಿಪೋರ್ಟುಗಳನ್ನು ಒಂದೇ ಫೈಲಿನಲ್ಲಿಟ್ಟು ಒಯ್ಯಿರಿ. ಇಲ್ಲದಿದ್ದರೆ ಪ್ರತಿ ಊರಿನಲ್ಲೂ ಚಿಕಿತ್ಸೆ ಮೊದಲಿನಿಂದ ಆರಂಭವಾಗುತ್ತದೆ.

2025ರಲ್ಲಿ ಕರ್ನಾಟಕ ಸರ್ಕಾರ ದುಡಿಯುವ ಹೆಂಗಸರಿಗೆ ತಿಂಗಳಿಗೆ ಒಂದು ದಿನ ಸಂಬಳಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಗೆ ಒಳಪಟ್ಟ ತೋಟಗಳೂ ಅದರಲ್ಲಿ ಸೇರಿದ್ದವು. ಬಳಿಕ ವಿಷಯ ನ್ಯಾಯಾಲಯಕ್ಕೂ ಹೋಯಿತು. ನಿಮ್ಮ ತೋಟದ ಕಚೇರಿಯಲ್ಲಿ ವಿಚಾರಿಸಿ.

ಮನೆಯವರಿಗೊಂದು ಮಾತು

ಮಗಳು, ಸೊಸೆ, ಹೆಂಡತಿ ಹೊಟ್ಟೆ ಹಿಡಿದುಕೊಂಡು ಮಲಗಿದರೆ "ನೆಪ" ಎನ್ನಬೇಡಿ. ಬಿಸಿನೀರು ಕಾಯಿಸಿಕೊಡಿ, ಆಸ್ಪತ್ರೆಗೆ ಜೊತೆಯಲ್ಲಿ ಬನ್ನಿ. ನೋವು ಹೊರಗೆ ಕಾಣುವುದಿಲ್ಲ. ನಂಬಿದವರಿಗೆ ಮಾತ್ರ ತಿಳಿಯುತ್ತದೆ. ಮುಂದಿನ ಮುಟ್ಟಿನ ಮೊದಲ ದಿನದಿಂದಲೇ ನೋಟ್‌ಬುಕ್ಕಿನಲ್ಲಿ ಬರೆಯಲು ಆರಂಭಿಸಿ. ಬರುವಾಗ ಅದನ್ನು ಮರೆಯದೆ ತನ್ನಿ, ಒಟ್ಟಿಗೆ ಕುಳಿತು ನೋಡೋಣ.