ಬಾಳೆಯ ಒಣ ಎಲೆಯಲ್ಲಿ ತೊಗಟೆನೊಣ

ಹೊಸಪೇಟೆ, ಕಂಪ್ಲಿಗಳ ತೋಟದಲ್ಲಿ ಬಾಳೆಗೆ ಜೋತುಬಿದ್ದ ಒಣ ಎಲೆಯೊಂದನ್ನು ಬಿಳಿಯ ಕಾಗದದ ಮೇಲೆ ಮೆಲ್ಲನೆ ಕೊಡಹೋಣ. ಸಾಸಿವೆಕಾಳಿನ ಗಾತ್ರದ ಕಂದು ಕೀಟಗಳು ಉದುರಿ ಓಡತೊಡಗಿದರೆ ಅವು ಯಾವುವು? ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಬಾಳೆಯ ಸಸ್ಯಹೇನು ಗಿಡದ ತುದಿಯೆಲೆಗಳನ್ನು ಗೊಂಚಲಾಗಿಸುವ ನಂಜುರೋಗವನ್ನು ಹರಡುವುದು. ತೊಗಟೆನೊಣವಾದರೋ ಒಣ ಎಲೆಯ ಮೇಲಣ ಬೂಷ್ಟು, ಪಾಚಿಗಳನ್ನು ಮೇಯುವ ನಿರಪಾಯ ಜೀವಿ. ಇವೆರಡರ ಭೇದವನ್ನರಿಯದೆ ವಿಷ ಸಿಂಪಡಿಸಿದರೆ ಹಣವೂ ಶ್ರಮವೂ ವ್ಯರ್ಥ.

ಭೂತಗನ್ನಡಿಯಲ್ಲಿ ಮೊದಲು ಮುಖವನ್ನು ನೋಡೋಣ. ತೊಗಟೆನೊಣದ ಮುಖವು ಬಾಯಿಯ ಮೇಲೆ ಗುಂಡಾಗಿ ಉಬ್ಬಿರುವುದು. ಅದಕ್ಕೆ ಅಗಿಯುವ ದವಡೆಗಳುಂಟು. ಸಸ್ಯಹೇನಿಗೆ ರಸ ಹೀರುವ ಸೂಜಿಯಂತಹ ಕೊಂಡಿಯೂ ಹೊಟ್ಟೆಯ ಹಿಂಭಾಗದಲ್ಲಿ ಒಂದು ಜೊತೆ ಕಿರುಕೊಳವೆಗಳೂ ಇರುವುವು. ಹೆಸರಿನಲ್ಲಿ ನೊಣವೆಂದಿದ್ದರೂ ಇದು ನೊಣವಲ್ಲ. ನೊಣಕ್ಕೆ ಎರಡೇ ರೆಕ್ಕೆ. ಇದರ ಬೆಳೆದ ಕೀಟಕ್ಕೆ ಸಾಮಾನ್ಯವಾಗಿ ನಾಲ್ಕು. ವಿಶ್ರಾಂತಿಯಲ್ಲಿ ಅವು ಮನೆಯ ಮಾಡಿನಂತೆ ಇಳಿಜಾರಾಗಿ ಮಡಿಸಿರುವುವು. ಹಳೆಯ ಪುಸ್ತಕಗಳಲ್ಲಿ ಓಡಾಡುವ ರೆಕ್ಕೆಯಿಲ್ಲದ 'ಪುಸ್ತಕಹೇನು' ಇದರ ಬಂಧು.

ಒಣ ಎಲೆಗಳಲ್ಲಿ ವಾಸಿಸುವ ತೊಗಟೆನೊಣಗಳಲ್ಲಿ ಎಕ್ಟೋಪ್ಸೋಕಸ್ ಕುಲದವು ಮುಖ್ಯವಾದುವು. ಬ್ರಿಟನ್ನಿನ ಕೀಟಶಾಸ್ತ್ರಜ್ಞ ಮೆಕ್‌ಲಾಕ್ಲನ್ 1899ರಲ್ಲಿ ಈ ಕುಲಕ್ಕೆ ಹೆಸರಿಟ್ಟನು. ಉದ್ದ ಸುಮಾರು 2 ಮಿಲಿಮೀಟರು. ಕುಡಿಮೀಸೆಯಲ್ಲಿ 13 ಖಂಡಗಳು. ಪಾದದಲ್ಲಿ 2 ಖಂಡಗಳು. ಮುಖ್ಯ ಗುರುತು ಮುಂರೆಕ್ಕೆಯಲ್ಲಿದೆ. ಬಹುಪಾಲು ತೊಗಟೆನೊಣಗಳಲ್ಲಿ ರೆಕ್ಕೆಯ ಹಿಂದಿನ ಅಂಚಿನ ಬಳಿ ಒಂದು ನರ ಕವಲೊಡೆದು ಪುಟ್ಟ ಕೋಶವನ್ನು ಸುತ್ತುವರಿಯುವುದು. ಎಕ್ಟೋಪ್ಸೋಕಸ್‌ನಲ್ಲಿ ಆ ನರ ಕವಲೊಡೆಯದು. ಆದುದರಿಂದ ಕೋಶವೂ ಇಲ್ಲ. ಪೆರಿಪ್ಸೋಕಸ್ ಎಂಬ ಇನ್ನೊಂದು ಕುಲದಲ್ಲಿಯೂ ಹೀಗೆಯೇ. ಆಗ ರೆಕ್ಕೆಯ ಮುಂದಿನ ಅಂಚಿನ ದಪ್ಪ ಮಚ್ಚೆಯನ್ನು ಗಮನಿಸಬೇಕು. ಎಕ್ಟೋಪ್ಸೋಕಸ್‌ನಲ್ಲಿ ಅದು ಆಯಾಕಾರ. ಪೆರಿಪ್ಸೋಕಸ್‌ನಲ್ಲಿ ತುದಿಯ ಕಡೆಗೆ ಅಗಲವಾಗುವುದು.

ಇಷ್ಟರಿಂದ ಕುಲವನ್ನು ಗುರುತಿಸಬಹುದೇ ಹೊರತು ಪ್ರಭೇದವನ್ನಲ್ಲ. ಅದಕ್ಕೆ ಗಂಡುಹುಳುವಿನ ಹೊಟ್ಟೆಯ ತುದಿಯ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಒಣಗಿದರೆ ಮೃದುದೇಹ ಮುದುಡಿಹೋಗುವುದರಿಂದ ಕೀಟವನ್ನು ಮದ್ಯಸಾರದಲ್ಲಿಟ್ಟು, ಸ್ಥಳ, ದಿನಾಂಕ, ಗಿಡದ ಹೆಸರುಗಳನ್ನು ಚೀಟಿಯಲ್ಲಿ ಬರೆದಿಡುವುದು ಉತ್ತಮ.

ರಜೆಯಲ್ಲಿ ಸಂಡೂರಿನ ಗುಡ್ಡಗಳಿಗೋ ಹಂಪೆಗೋ ಹೋದಾಗ ಮರದ ತೊಗಟೆಯನ್ನೂ ಕಲ್ಲುಹೂವು ಬೆಳೆದ ಬಂಡೆಯನ್ನೂ ಹೀಗೆಯೇ ನೋಡೋಣ. ಕಂಡ ಹುಳುವನ್ನು ಹೊಸಕುವ ಮೊದಲು ಅದರ ಮುಖವನ್ನೂ ರೆಕ್ಕೆಯನ್ನೂ ಒಮ್ಮೆ ಪರೀಕ್ಷಿಸುವ ಅಭ್ಯಾಸವೇ ಕೀಟಶಾಸ್ತ್ರದ ಮೊದಲ ಪಾಠ.